ಖಂಡ ದಾಟುವ ಕಾಡ್ಗಿಚ್ಚಿನ ಹೊಗೆ: ಉಪಗ್ರಹ ಚಿತ್ರ ನೋಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಉತ್ತರ ಅಮೆರಿಕದಲ್ಲಿ ಬೇಸಿಗೆ ಬಂತೆಂದರೆ ಕೆಲವರು ಮಳೆ ಬಿಸಿಲು ನೋಡುವ ಹಾಗೆ ಹೊಗೆ ಎಲ್ಲಿದೆ ಅಂತ ನೋಡಲು ಶುರು ಮಾಡುತ್ತಾರೆ. ನಾನೂ ಆ ಪೈಕಿ. ಚಿತ್ರಗಳು ಪುಕ್ಕಟೆ ಸಿಗುತ್ತವೆ, ನೋಡಲು ಯಾವ ಪದವಿಯೂ ಬೇಡ. ಆದರೆ ಮೊದಲ ಒಂದೆರಡು ವಾರ ಎಲ್ಲರೂ ಒಂದೇ ತರಹದ ತಪ್ಪು ಮಾಡುತ್ತಾರೆ, ಒಂದೇ ತರಹದ ಪ್ರಶ್ನೆ ಕೇಳುತ್ತಾರೆ. ಅವನ್ನೆಲ್ಲ ಇಲ್ಲಿ ಒಟ್ಟು ಮಾಡಿದ್ದೇನೆ.

ಕಾಡು ಸುಟ್ಟದ್ದು ಎಲ್ಲೋ, ಹೊಗೆ ಇನ್ನೆಲ್ಲೋ. ಇಷ್ಟು ದೂರ ಹೇಗೆ ಬರುತ್ತದೆ?

ಹೊಗೆಯ ಕಣಗಳು ತೀರಾ ಸಣ್ಣವು. ಹೆಚ್ಚಿನವು ಒಂದು ಮೈಕ್ರಾನ್‌ಗಿಂತಲೂ, ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತಲೂ ಕಮ್ಮಿ. ಅಷ್ಟು ಸಣ್ಣದು ತಾನಾಗಿ ಕೆಳಗೆ ಬೀಳುವುದಿಲ್ಲ. ಮಳೆ ತೊಳೆದು ಇಳಿಸಬೇಕು, ಇಲ್ಲವೇ ಗಾಳಿಯೇ ಇಳಿದು ನೆಲದ ಹತ್ತಿರ ತಂದು ಬಿಡಬೇಕು. ಅಲ್ಲಿಯವರೆಗೆ, ಹೆಚ್ಚುಕಮ್ಮಿ ಒಂದು ವಾರ, ತೇಲುತ್ತಲೇ ಇರುತ್ತದೆ. ದೊಡ್ಡ ಬೆಂಕಿಯ ಕಾವು ಹೊಗೆಯನ್ನು ಕೆಲವು ಕಿಲೋಮೀಟರ್ ಮೇಲಕ್ಕೆ ಎತ್ತುತ್ತದೆ. ಅಲ್ಲಿಯ ಗಾಳಿ ನೆಲದ ಗಾಳಿಯ ಹಾಗೆ ಸೋಮಾರಿಯಲ್ಲ. ಹಾಗಾಗಿ ಪಶ್ಚಿಮ ಕೆನಡಾದಲ್ಲಿ ಸೋಮವಾರ ಎದ್ದ ಹೊಗೆ ಅದೇ ವಾರದ ಕೊನೆಗೆ ಅಟ್ಲಾಂಟಿಕ್ ಮೇಲೆ ಇದ್ದರೆ ಆಶ್ಚರ್ಯಪಡಬೇಕಿಲ್ಲ.

2023ರ ಜೂನ್ ಇದಕ್ಕೆ ಒಳ್ಳೆಯ ಪಾಠ. ಕ್ವಿಬೆಕ್‌ನ ಕಾಡುಗಳು ಹೊತ್ತಿದ್ದವು. ಪೂರ್ವ ಕೆನಡಾದ ಕರಾವಳಿಯ ಹತ್ತಿರ ಒಂದು ವಾಯುಭಾರ ಕುಸಿತ ಅಲ್ಲಾಡದೆ ಕೂತಿತ್ತು. ಅದರ ಸುತ್ತ ಗಾಳಿ ಗಡಿಯಾರಕ್ಕೆ ಎದುರು ದಿಕ್ಕಿನಲ್ಲಿ ತಿರುಗುತ್ತದಲ್ಲ, ಅದರ ಪಶ್ಚಿಮದ ಅಂಚಿನಲ್ಲಿದ್ದ ಹೊಗೆಯೆಲ್ಲ ನೇರ ದಕ್ಷಿಣಕ್ಕೆ ಹರಿಯಿತು. ಜೂನ್ 7ರಂದು ನ್ಯೂಯಾರ್ಕ್ ಕಿತ್ತಳೆ ಬಣ್ಣಕ್ಕೆ ತಿರುಗಿತು, ವಾಯು ಗುಣಮಟ್ಟದ ಸೂಚ್ಯಂಕ 400 ದಾಟಿತು. ಅದೇ ತಿಂಗಳ ಕೊನೆಗೆ ಕೆನಡಾದ ಹೊಗೆ ಅಟ್ಲಾಂಟಿಕ್ ದಾಟಿ ಪೋರ್ಚುಗಲ್, ಸ್ಪೇನ್ ಮುಟ್ಟಿತ್ತು. ಆ ವರ್ಷ ಕೆನಡಾದಲ್ಲಿ ಸುಟ್ಟದ್ದು ಸುಮಾರು 1.5 ಕೋಟಿ ಹೆಕ್ಟೇರ್.

ಯಾವ ಉಪಗ್ರಹ ನೋಡಬೇಕು?

ಎರಡು ಜಾತಿ ಇವೆ. ಎರಡೂ ಬೇಕು.

ಒಂದು, ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ, ಭೂಮಿ ತಿರುಗುವ ವೇಗಕ್ಕೇ ತಿರುಗುತ್ತಾ ಒಂದೇ ಜಾಗ ನೋಡುವ ಭೂಸ್ಥಿರ ಉಪಗ್ರಹಗಳು. ಅಮೆರಿಕ ಖಂಡಗಳಿಗೆ ಗೋಸ್ ಸರಣಿ: ಪೂರ್ವಕ್ಕೆ ಗೋಸ್-19, ಪಶ್ಚಿಮಕ್ಕೆ ಗೋಸ್-18. ಇಡೀ ಭೂಮುಖವನ್ನು 10 ನಿಮಿಷಕ್ಕೊಮ್ಮೆ, ಅಮೆರಿಕ ದೇಶವನ್ನು 5 ನಿಮಿಷಕ್ಕೊಮ್ಮೆ, ಬೇಕೆಂದರೆ ಒಂದು ಸಣ್ಣ ಚೌಕವನ್ನು ನಿಮಿಷಕ್ಕೊಮ್ಮೆ ತೆಗೆಯುತ್ತವೆ. ಏಷ್ಯಾದ ಪೂರ್ವ ಭಾಗ ಮತ್ತು ಆಸ್ಟ್ರೇಲಿಯಾಕ್ಕೆ ಜಪಾನಿನ ಹಿಮಾವರಿ ಇದೆ.

ಇನ್ನೊಂದು, ಕೆಲವು ನೂರು ಕಿಲೋಮೀಟರ್ ಎತ್ತರದಲ್ಲಿ ಧ್ರುವದಿಂದ ಧ್ರುವಕ್ಕೆ ಸುತ್ತುವವು. 1999ರ ಟೆರ್ರಾ, 2002ರ ಆಕ್ವಾ, ಇವುಗಳಲ್ಲಿ ಮೋಡಿಸ್ ಅನ್ನುವ ಉಪಕರಣ. ಸುವೋಮಿ ಎನ್‌ಪಿಪಿ, ನೋವಾ-20, ನೋವಾ-21ರಲ್ಲಿ ವಿಯರ್ಸ್. ಇವು ಒಂದು ಜಾಗದ ಮೇಲೆ ದಿನಕ್ಕೆ ಒಂದೆರಡು ಸಲ ಮಾತ್ರ ಹಾಯುತ್ತವೆ, ಆದರೆ ಹತ್ತಿರದಿಂದ ನೋಡುವುದರಿಂದ ಚಿತ್ರ ಚೂಪು.

ಭೂಸ್ಥಿರದ್ದು ಸಿಸಿಟಿವಿ ಇದ್ದ ಹಾಗೆ, ಧ್ರುವೀಯದ್ದು ಹಾದು ಹೋಗುವಾಗ ಒಂದು ಒಳ್ಳೆ ಫೋಟೋ ಹೊಡೆದುಕೊಂಡು ಹೋಗುವವನ ಹಾಗೆ. ಹೊಗೆ ಎತ್ತ ಸಾಗುತ್ತಿದೆ ಅನ್ನುವುದಕ್ಕೆ ಸಿಸಿಟಿವಿಯೇ ಬೇಕು. ಆದರೆ ಕೆನಡಾದ ತೀರಾ ಉತ್ತರದ ಬೆಂಕಿಗಳನ್ನು ಗೋಸ್ ಓರೆಗಣ್ಣಿನಿಂದ ನೋಡುತ್ತದೆ. ಅಲ್ಲಿ ಪಿಕ್ಸೆಲ್‌ಗಳು ಹಿಗ್ಗಿ ಚಿತ್ರ ಮಸುಕಾಗುತ್ತದೆ. ಅದೇ ಜಾಗದಲ್ಲಿ ಧ್ರುವೀಯ ಉಪಗ್ರಹಗಳ ದಾರಿಗಳು ಒಂದರ ಹತ್ತಿರ ಒಂದು ಬರುವುದರಿಂದ ದಿನಕ್ಕೆ ಹಲವು ಸಲ ಚಿತ್ರ ಸಿಗುತ್ತದೆ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ.

ಇದು ಹೊಗೆಯೋ ಮೋಡವೋ?

ಅತಿ ಹೆಚ್ಚು ಬರುವ ಪ್ರಶ್ನೆ ಇದೇ. ಬಣ್ಣ ನೋಡಿ ಹೇಳಬಹುದು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ: ಮೋಡ ಅಂದರೆ ಬಿಳಿ, ಹೊಗೆ ಅಂದರೆ ಬೂದು ಅಥವಾ ಕಂದು. ಅರ್ಧ ನಿಜ. ಎತ್ತರದ ತೆಳು ಮೋಡವೂ ಬೂದಾಗಿ ಕಾಣುತ್ತದೆ. ತಾಜಾ ಹೊಗೆ ಕೆಲವೊಮ್ಮೆ ಸಾಕಷ್ಟು ಬೆಳ್ಳಗೇ ಇರುತ್ತದೆ.

ನಾನು ಮೊದಲು ನೋಡುವುದು ಕೆಳಗೆ ಏನು ಕಾಣುತ್ತಿದೆ ಅಂತ. ಹೊಗೆಯ ಅಡಿಯಲ್ಲಿ ನದಿ, ಕೆರೆ, ಬೆಟ್ಟದ ಸಾಲು ಮಂಕಾಗಿಯಾದರೂ ಕಾಣುತ್ತವೆ, ಹಾಲು ಹಾಕಿದ ನೀರಿನಲ್ಲಿ ಪಾತ್ರೆಯ ತಳ ಕಂಡ ಹಾಗೆ. ಆಮೇಲೆ ಅಂಚು. ಮೋಡಕ್ಕೆ ಗಂಟುಗಂಟಾದ ಅಂಚಿರುತ್ತದೆ, ಹೊಗೆ ಎಲ್ಲಿ ಮುಗಿಯಿತು ಅಂತ ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಮೂರನೆಯದು ಮೂಲ. ಚಿತ್ರಗಳನ್ನು ಹಿಂದಕ್ಕೆ ಓಡಿಸುತ್ತಾ ಹೋಗಿ. ಹೊಗೆಯಾದರೆ ಒಂದು ಚುಕ್ಕೆಗೆ ಹೋಗಿ ನಿಲ್ಲುತ್ತದೆ, ಮೋಡವಾದರೆ ಎಲ್ಲೂ ನಿಲ್ಲುವುದಿಲ್ಲ.

ಇಷ್ಟಾದರೂ ಅನುಮಾನ ಉಳಿದರೆ ಇನ್‌ಫ್ರಾರೆಡ್ ಚಿತ್ರ, ಅಂದರೆ ಕಣ್ಣಿಗೆ ಕಾಣದ ಕಾವಿನ ಬೆಳಕಿನಲ್ಲಿ ತೆಗೆದದ್ದು, ತೆರೆಯಿರಿ. ಸುಮಾರು 10 ಮೈಕ್ರಾನ್ ತರಂಗಾಂತರದ ಆ ಬೆಳಕಿಗೆ ಹೊಗೆಯ ಪುಟಾಣಿ ಕಣಗಳು ಲೆಕ್ಕಕ್ಕೇ ಇಲ್ಲ, ದಾಟಿ ಹೋಗುತ್ತದೆ. ಎತ್ತರದ ಮೋಡ ಅಲ್ಲಿ ತಣ್ಣಗೆ ಎದ್ದು ಕಾಣುತ್ತದೆ. ಅಂದರೆ ಮಾಮೂಲಿ ಚಿತ್ರದಲ್ಲಿ ಇದ್ದು, ಇನ್‌ಫ್ರಾರೆಡ್‌ನಲ್ಲಿ ಮಾಯವಾದದ್ದು ಬಹುತೇಕ ಹೊಗೆ. ನೆಲಕ್ಕಂಟಿದ ಮಂಜಿನ ವಿಷಯದಲ್ಲಿ ಮಾತ್ರ ಈ ಉಪಾಯ ಕೈಕೊಡುತ್ತದೆ. ಮಂಜು ನೆಲದಷ್ಟೇ ಬೆಚ್ಚಗಿರುವುದರಿಂದ ಅದೂ ಮಾಯವಾದ ಹಾಗೆ ಕಾಣುತ್ತದೆ. ಕಣಿವೆಯ ಮಂಜನ್ನು ಹೊಗೆ ಅಂದುಕೊಂಡು ನಾನೇ ಒಂದು ಬೆಳಗ್ಗೆ ನಾಲ್ಕು ಜನರಿಗೆ ಹೇಳಿಬಿಟ್ಟಿದ್ದೆ. ಹತ್ತು ಗಂಟೆಗೆ ಬಿಸಿಲು ಏರಿತು, ನನ್ನ ಹೊಗೆ ಕರಗಿ ಹೋಯಿತು.

ಬೆಳಗ್ಗೆ ದಟ್ಟವಾಗಿದ್ದ ಹೊಗೆ ಮಧ್ಯಾಹ್ನ ಎಲ್ಲಿ ಹೋಯಿತು? ಸಂಜೆ ಮತ್ತೆ ಬಂತಲ್ಲ!

ಎಲ್ಲೂ ಹೋಗಿರಲಿಲ್ಲ. ಸಣ್ಣ ಕಣಗಳು ತಮ್ಮ ಮೇಲೆ ಬಿದ್ದ ಬೆಳಕನ್ನು ಹಿಂದಕ್ಕಿಂತ ಮುಂದಕ್ಕೆ ಜಾಸ್ತಿ ಚದುರಿಸುತ್ತವೆ. ಕಿಟಕಿಯ ಕಡೆ ಮುಖ ಮಾಡಿ ನಿಂತರೆ ಬಿಸಿಲು ಕೋಲಿನಲ್ಲಿ ಧೂಳು ಹೊಳೆಯುತ್ತದೆ, ಬೆನ್ನು ಮಾಡಿ ನಿಂತರೆ ಕಾಣುವುದಿಲ್ಲ, ಅದೇ ಸಂಗತಿ. ಸೂರ್ಯ ಒಂದು ಕಡೆ, ಉಪಗ್ರಹ ಎದುರು ಕಡೆ ಇದ್ದಾಗ ಹೊಗೆ ಹೊಳೆಯುತ್ತದೆ. ಹಾಗಾಗಿ ಪಶ್ಚಿಮದ ಗೋಸ್‌ನಲ್ಲಿ ಬೆಳಗಿನ ಚಿತ್ರ ನೋಡಿ, ಪೂರ್ವದ ಗೋಸ್‌ನಲ್ಲಿ ಸಂಜೆಯದ್ದು. ಮಧ್ಯಾಹ್ನದ ಚಿತ್ರ ನೋಡಿ ಹೊಗೆ ಕಮ್ಮಿಯಾಯಿತು ಅಂತ ತೀರ್ಪು ಕೊಡಬೇಡಿ.

ರಾತ್ರಿ ಹೊಗೆ ಕಾಣುತ್ತದೆಯೇ?

ಬಹುತೇಕ ಇಲ್ಲ. ಮೇಲೆ ಹೇಳಿದ ಹಾಗೆ ಇನ್‌ಫ್ರಾರೆಡ್‌ಗೆ ಹೊಗೆ ಪಾರದರ್ಶಕ, ಕಾಣುವ ಬೆಳಕು ರಾತ್ರಿ ಇರುವುದಿಲ್ಲ. ಬೆಂಕಿ ಮಾತ್ರ ಚೆನ್ನಾಗಿ ಕಾಣುತ್ತದೆ. ವಿಯರ್ಸ್‌ನಲ್ಲಿ ತೀರಾ ಮಂದ ಬೆಳಕಿಗೂ ಸ್ಪಂದಿಸುವ ಒಂದು ಬ್ಯಾಂಡ್ ಇದೆ. ಬೆಳದಿಂಗಳಿದ್ದರೆ ಅದರಲ್ಲಿ ದಟ್ಟ ಹೊಗೆಯ ಪಟ್ಟಿ ಕಾಣಬಹುದು. ಅಮಾವಾಸ್ಯೆಯ ಹತ್ತಿರ ಅದೂ ಇಲ್ಲ.

ನಕ್ಷೆಯಲ್ಲಿ ಕೆಂಪು ಚುಕ್ಕೆಗಳು ತುಂಬಿವೆ. ಅಷ್ಟೂ ಜಾಗ ಉರಿಯುತ್ತಿದೆಯಾ?

ಇಲ್ಲ. ಬೆಂಕಿ ಎಲ್ಲಿದೆ ಅಂತ ತೋರಿಸುವ ನಾಸಾದ ಫರ್ಮ್ಸ್ ನಕ್ಷೆಯಲ್ಲಿ ಒಂದು ಚುಕ್ಕೆ ಅಂದರೆ ಒಂದು ಪಿಕ್ಸೆಲ್‌ನಲ್ಲಿ ಸುತ್ತಲಿನದಕ್ಕಿಂತ ಎದ್ದು ಕಾಣುವ ಬಿಸಿ ಸಿಕ್ಕಿತು ಅಂತ ಮಾತ್ರ. ವಿಯರ್ಸ್‌ನ ಪಿಕ್ಸೆಲ್ 375 ಮೀಟರ್, ಮೋಡಿಸ್‌ನದು 1 ಕಿಲೋಮೀಟರ್. ಅದರೊಳಗೆ ಉರಿಯುತ್ತಿರುವುದು ಒಂದು ಸಣ್ಣ ಮೂಲೆ ಇರಬಹುದು. ತೈಲ ಬಾವಿಯ ಮೇಲೆ ಉರಿಸುವ ಅನಿಲ, ಜ್ವಾಲಾಮುಖಿ, ಇವೂ ಚುಕ್ಕೆಯಾಗಿ ಬೀಳುತ್ತವೆ. ಜೊತೆಗೆ ನೀವು ಖಂಡದಷ್ಟು ದೂರಕ್ಕೆ ಹಿಂದೆ ಸರಿದು ನೋಡಿದಾಗ ಪರದೆಯ ಮೇಲೆ ಚುಕ್ಕೆಯ ಗಾತ್ರ ಕುಗ್ಗುವುದಿಲ್ಲ, ಹಾಗಾಗಿ ಒಂದು ಚುಕ್ಕೆ ಒಂದು ಜಿಲ್ಲೆಯಷ್ಟು ಜಾಗ ತಿನ್ನುತ್ತದೆ.

2020ರ ಜನವರಿಯಲ್ಲಿ ಇಡೀ ಆಸ್ಟ್ರೇಲಿಯಾ ಕೆಂಡದ ಹಾಗೆ ಹೊಳೆಯುವ ಒಂದು ಚಿತ್ರ ಜಗತ್ತೆಲ್ಲ ಓಡಾಡಿತು, ನೆನಪಿದೆಯಾ? ಅದು ಬಾಹ್ಯಾಕಾಶದಿಂದ ತೆಗೆದ ಫೋಟೋ ಅಲ್ಲವೇ ಅಲ್ಲ. ಒಂದು ತಿಂಗಳ ಅವಧಿಯ ಬೆಂಕಿಯ ಮಾಹಿತಿಯನ್ನು ಒಟ್ಟು ಹಾಕಿ ಒಬ್ಬ ಕಲಾವಿದರು ಕಂಪ್ಯೂಟರಿನಲ್ಲಿ ಮಾಡಿದ್ದು. ಹಂಚಿದವರು ಅದನ್ನು ಫೋಟೋ ಮಾಡಿಬಿಟ್ಟರು.

ಚಿತ್ರದಲ್ಲಿ ತಲೆಯ ಮೇಲೇ ಹೊಗೆ ಇದೆ. ಆದರೆ ಇಲ್ಲಿ ಗಾಳಿ ಚೆನ್ನಾಗಿದೆ ಅಂತ ಮೀಟರ್ ಹೇಳುತ್ತಿದೆ. ಯಾವುದು ಸುಳ್ಳು?

ಎರಡೂ ನಿಜ. ಉಪಗ್ರಹ ಮೇಲಿನಿಂದ ನೋಡುತ್ತದೆ. ನೆಲದಿಂದ ಆಕಾಶದವರೆಗಿನ ಇಡೀ ಕಂಬದಲ್ಲಿ ಎಷ್ಟು ಹೊಗೆ ಇದೆ ಅನ್ನುವುದು ಅದಕ್ಕೆ ಗೊತ್ತು, ಆ ಕಂಬದ ಯಾವ ಮಟ್ಟದಲ್ಲಿದೆ ಅನ್ನುವುದು ಗೊತ್ತಾಗುವುದಿಲ್ಲ. ಮೂಗು ಇರುವುದು ಕಂಬದ ಬುಡದ ಎರಡು ಮೀಟರ್‌ನಲ್ಲಿ. ಹೊಗೆ ಐದು ಕಿಲೋಮೀಟರ್ ಮೇಲೆ ಹಾದು ಹೋಗುತ್ತಿದ್ದರೆ ಸೂರ್ಯ ಕೆಂಪಾಗುತ್ತಾನೆ, ಫೋಟೋ ಚೆನ್ನಾಗಿ ಬರುತ್ತದೆ, ಅಷ್ಟೇ.

ಇದಕ್ಕೆ ನಾನು ಯಾವಾಗಲೂ ಕೊಡುವ ಉದಾಹರಣೆ 2020ರ ಸೆಪ್ಟೆಂಬರ್ 9ರ ಸ್ಯಾನ್ ಫ್ರಾನ್ಸಿಸ್ಕೊ. ಹಗಲಲ್ಲೇ ಬೀದಿ ದೀಪ ಹೊತ್ತಿಕೊಂಡವು, ಆಕಾಶ ಕಡು ಕಿತ್ತಳೆ, ನೋಡಿದವರಿಗೆ ಉಸಿರು ಕಟ್ಟುವ ಹಾಗೆ. ಆದರೆ ಉಸಿರಾಡಲು ಆ ದಿನ ಅಷ್ಟೇನೂ ಕೆಟ್ಟದಿರಲಿಲ್ಲ. ಸಮುದ್ರದಿಂದ ಬಂದ ತಣ್ಣನೆಯ ಗಾಳಿ ನೆಲದ ಹತ್ತಿರ ಹಾಸಿಕೊಂಡು ಹೊಗೆಯನ್ನು ಮೇಲೆಯೇ ತಡೆದಿತ್ತು. ಅದರ ಮುಂದಿನ ದಿನಗಳಲ್ಲಿ ಹೊಗೆ ಕೆಳಗಿಳಿಯಿತು. ಆಕಾಶದ ಬಣ್ಣ ಮಾಮೂಲಿಯಾಗುತ್ತಾ ಬಂತು, ಗಾಳಿ ಕೆಟ್ಟಿತು. ಬಣ್ಣ ನೋಡಿ ಮಾಸ್ಕ್ ತೆಗೆದವರಿಗೆ ಮೋಸ.

ಕೆಳಗಿಳಿಯುವುದು ಯಾವಾಗ ಅಂದರೆ, ಸಾಮಾನ್ಯವಾಗಿ ಬಿಸಿಲು ನೆಲವನ್ನು ಕಾಯಿಸಿ ಗಾಳಿ ಮೇಲೆ ಕೆಳಗೆ ಕಲಕಲು ಶುರುವಾದಾಗ. ರಾತ್ರಿಯಿಡೀ ಮೇಲೆ ತೆಪ್ಪಗಿದ್ದ ಹೊಗೆ ಮಧ್ಯಾಹ್ನದ ಹೊತ್ತಿಗೆ ನೆಲ ಮುಟ್ಟಬಹುದು. ಕಣಿವೆಗಳಲ್ಲಿ ಉಲ್ಟಾ: ರಾತ್ರಿ ತಣ್ಣನೆಯ ಗಾಳಿಯ ಜೊತೆ ತಳದಲ್ಲಿ ಕೂತ ಹೊಗೆ ಬಿಸಿಲು ಏರಿದ ಮೇಲೆ ಚದುರುತ್ತದೆ.

ಹೊಗೆಯ ಎತ್ತರ ಅಳೆಯುವ ಉಪಕರಣಗಳಿಲ್ಲ ಅಂತಲ್ಲ. ಟೆರ್ರಾದಲ್ಲಿ ಮಿಸರ್ ಅನ್ನುವ ಒಂಬತ್ತು ಕ್ಯಾಮೆರಾಗಳ ಸೆಟ್ ಇದೆ, ಬೇರೆ ಬೇರೆ ಕೋನದಿಂದ ನೋಡಿ ಎತ್ತರ ಲೆಕ್ಕ ಹಾಕಲು. 2006ರಲ್ಲಿ ಹೋದ ಕ್ಯಾಲಿಪ್ಸೊ ಉಪಗ್ರಹ ಲೇಸರ್ ಬಿಟ್ಟು ಹೊಗೆಯ ಪದರಗಳನ್ನು ಸೀಳಿ ತೋರಿಸುತ್ತಿತ್ತು, 2023ರಲ್ಲಿ ನಿಂತಿತು. 2024ರಲ್ಲಿ ಹೋದ ಅರ್ತ್‌ಕೇರ್‌ನಲ್ಲೂ ಲೇಸರ್ ಇದೆ. ಆದರೆ ಲೇಸರ್ ನೋಡುವುದು ತನ್ನ ದಾರಿಯ ಕೆಳಗಿನ ಒಂದು ತೆಳು ಗೆರೆಯನ್ನು. ನಿಮ್ಮ ಊರು ಆ ಗೆರೆಯ ಮೇಲೆ ಬೀಳಬೇಕಲ್ಲ! ಉಸಿರಾಟದ ವಿಷಯಕ್ಕೆ ನೆಲದ ಮೇಲಿನ ಪಿಎಂ 2.5 (2.5 ಮೈಕ್ರಾನ್ ಮತ್ತು ಅದಕ್ಕಿಂತ ಸಣ್ಣ ಕಣಗಳು) ಅಳೆಯುವ ಮೀಟರ್ ನೋಡಿ. ಅಮೆರಿಕದ ಏರ್‌ನೌ ನಕ್ಷೆಯಲ್ಲಿ ನೆಲದ ಮೀಟರ್‌ಗಳನ್ನೂ ಉಪಗ್ರಹದಲ್ಲಿ ಕಂಡ ಹೊಗೆಯನ್ನೂ ಒಟ್ಟಿಗೆ ಹಾಕಿರುತ್ತಾರೆ.

ಎಓಡಿ ನಕ್ಷೆಯಲ್ಲಿ ಬೆಂಕಿಯ ಪಕ್ಕದಲ್ಲೇ ಖಾಲಿ ಇದೆ. ಅಲ್ಲಿ ಹೊಗೆ ಇಲ್ಲವಾ?

ಅಲ್ಲೇ ಎಲ್ಲಕ್ಕಿಂತ ಜಾಸ್ತಿ ಇರಬಹುದು.

ಎಓಡಿ ಅಂದರೆ ಗಾಳಿಯಲ್ಲಿರುವ ಕಣಗಳು ಬೆಳಕನ್ನು ಎಷ್ಟು ತಡೆಯುತ್ತವೆ ಅನ್ನುವ ಅಳತೆ. 0.1 ಅಂದರೆ ಶುಭ್ರ ಆಕಾಶ, 1 ಅಂದರೆ ಸಾಕಷ್ಟು ಮಬ್ಬು, 3 ಅಥವಾ 4 ಅಂದರೆ ಸೂರ್ಯನೇ ಮಂಕು. ಈ ಲೆಕ್ಕ ಹಾಕುವ ಮೊದಲು ಕಂಪ್ಯೂಟರ್ ಮೋಡ ಇರುವ ಪಿಕ್ಸೆಲ್‌ಗಳನ್ನು ಕಿತ್ತು ಹಾಕುತ್ತದೆ. ಹೊಗೆ ತೀರಾ ದಪ್ಪವಾದರೆ ಅದೂ ಮೋಡದ ಹಾಗೇ ಕಾಣುವುದರಿಂದ ಅದನ್ನೂ ಕಿತ್ತು ಹಾಕಿಬಿಡುತ್ತದೆ. ಹಿಮ ಬಿದ್ದ ನೆಲದ ಮೇಲೂ, ಸೂರ್ಯ ಕನ್ನಡಿಯ ಹಾಗೆ ಹೊಳೆಯುವ ಸಮುದ್ರದ ಮೇಲೂ ಖಾಲಿ ಬೀಳುತ್ತದೆ. ಖಾಲಿ ಅಂದರೆ ಲೆಕ್ಕ ಹಾಕಲು ಆಗಲಿಲ್ಲ ಅಂತ ಅರ್ಥ, ಸ್ವಚ್ಛ ಅಂತ ಅಲ್ಲ. ಪಕ್ಕದಲ್ಲೇ ಮಾಮೂಲಿ ಬಣ್ಣದ ಚಿತ್ರ ತೆರೆದಿಟ್ಟುಕೊಂಡು ಎರಡನ್ನೂ ಹೋಲಿಸಿ ನೋಡಿ, ಆಗ ಮೋಸ ಹೋಗುವುದಿಲ್ಲ.

ಮೋಡದ ಜೊತೆ ಬೆರೆತ ಹೊಗೆಯನ್ನು ಹಿಂಬಾಲಿಸುವುದು ಹೇಗೆ?

ಮೋಡದ ಮೇಲಿದ್ದರೆ ಅತಿನೇರಳೆ ಬೆಳಕು ಸಹಾಯಕ್ಕೆ ಬರುತ್ತದೆ. ಆ ಬೆಳಕನ್ನು ಹೊಗೆ ಹೀರುತ್ತದೆ, ಬಿಳಿ ಮೋಡ ಹೀರುವುದಿಲ್ಲ. ಈ ವ್ಯತ್ಯಾಸದಿಂದ ಬರುವ ಸೂಚ್ಯಂಕ 1978ರ ನಿಂಬಸ್-7 ಉಪಗ್ರಹದ ಮಾಹಿತಿಯಿಂದಲೂ ಸಿಗುತ್ತದೆ. ಈಗ 2017ರಲ್ಲಿ ಹೋದ ಸೆಂಟಿನೆಲ್-5ಪಿ ಪ್ರತಿದಿನ ಇಡೀ ಭೂಮಿಗೆ ಕೊಡುತ್ತದೆ.

ಅದೇ ಉಪಗ್ರಹ ಕಾರ್ಬನ್ ಮಾನಾಕ್ಸೈಡನ್ನೂ ಅಳೆಯುತ್ತದೆ. ನನಗೆ ತುಂಬಾ ಇಷ್ಟವಾದ ನಕ್ಷೆ ಅದು. ಮಳೆ ಬಂದರೆ ಹೊಗೆಯ ಕಣ ತೊಳೆದು ಹೋಗುತ್ತದೆ, ಈ ಅನಿಲ ಹೋಗುವುದಿಲ್ಲ. ವಾರಗಟ್ಟಲೆ ಗಾಳಿಯಲ್ಲಿ ಉಳಿಯುತ್ತದೆ. ಹಾಗಾಗಿ ಕಣ್ಣಿಗೆ ಹೊಗೆ ಮಾಯವಾದ ಮೇಲೂ ಅದು ಹೋದ ದಾರಿ ಇಲ್ಲಿ ಉಳಿದಿರುತ್ತದೆ.

ಇದು ಯಾವ ಬೆಂಕಿಯ ಹೊಗೆ ಅಂತ ಪತ್ತೆ ಮಾಡಬಹುದಾ?

ಒಂದೇ ಬೆಂಕಿ ಇದ್ದರೆ ಸುಲಭ, ಚಿತ್ರಗಳನ್ನು ಹಿಂದಕ್ಕೆ ಓಡಿಸಿದರೆ ಸಾಕು. ನೂರು ಬೆಂಕಿ ಒಟ್ಟಿಗೆ ಉರಿಯುತ್ತಿದ್ದು, ಎರಡು ದಿನ ಹೊಗೆ ಕಲಸಿಕೊಂಡಿದ್ದರೆ, ಇಂತಹದೇ ಬೆಂಕಿ ಅಂತ ಬೆರಳು ತೋರಿಸುವವರನ್ನು ನಂಬಬೇಡಿ. ಅಮೆರಿಕದ ಸಾಗರ ಮತ್ತು ವಾಯುಮಂಡಲ ಸಂಸ್ಥೆ ನೋವಾದ ಹೈಸ್ಪ್ಲಿಟ್ ಅನ್ನುವ ಲೆಕ್ಕಾಚಾರ ಯಾರು ಬೇಕಾದರೂ ಓಡಿಸಬಹುದು: ಈ ಜಾಗದ ಗಾಳಿ ಮೂರು ದಿನದ ಹಿಂದೆ ಎಲ್ಲಿತ್ತು ಅಂತ ಹೇಳುತ್ತದೆ. 500, 1500, 3000 ಮೀಟರ್ ಹೀಗೆ ಬೇರೆ ಬೇರೆ ಎತ್ತರಕ್ಕೆ ಓಡಿಸಿ ನೋಡಿ. ಮೂರು ಗೆರೆ ಮೂರು ದಿಕ್ಕಿಗೆ ಹೋಗುವುದು ಸಾಮಾನ್ಯ. ಒಂದೇ ಗೆರೆ ಹಾಕಿ ವಾದ ಮಾಡುವವರು ಇದನ್ನು ತೋರಿಸುವುದಿಲ್ಲ, ಅಲ್ವಾ?

ಹೊಗೆಯ ನಕ್ಷೆ ಬಿಡಿಸುವುದು ಕಂಪ್ಯೂಟರಾ?

ನೋವಾದ ಎಚ್‌ಎಂಎಸ್ ನಕ್ಷೆಯಲ್ಲಿ ತೆಳು, ಮಧ್ಯಮ, ದಟ್ಟ ಅಂತ ಮೂರು ಬಣ್ಣದ ಹೊಗೆಯ ಆಕಾರಗಳು ಇರುತ್ತವಲ್ಲ, ಅವನ್ನು ಬಿಡಿಸುವುದು ಮನುಷ್ಯರು. ಗೋಸ್ ಚಿತ್ರಗಳನ್ನು ಓಡಿಸಿ ನೋಡುತ್ತಾ ಕೈಯಲ್ಲಿ ಗೆರೆ ಎಳೆಯುತ್ತಾರೆ. ಹೊಗೆಯನ್ನು ಮೋಡದಿಂದ ಬೇರ್ಪಡಿಸುವುದರಲ್ಲಿ ಪಳಗಿದ ಕಣ್ಣಿನ ಬೆಲೆ ಇನ್ನೂ ಇಳಿದಿಲ್ಲ. ಆದರೆ ಹಗಲಿನ ಚಿತ್ರವೇ ಆಧಾರವಾದ್ದರಿಂದ ರಾತ್ರಿಯ ಬಗ್ಗೆ ಅದು ಏನೂ ಹೇಳುವುದಿಲ್ಲ.

ನಾಳೆ ಎಲ್ಲಿಗೆ ಹೋಗುತ್ತದೆ?

ಉಪಗ್ರಹ ಹೇಳುವುದಿಲ್ಲ, ಅದಕ್ಕೆ ಮುನ್ಸೂಚನೆ ಲೆಕ್ಕ ಹಾಕುವ ಕಂಪ್ಯೂಟರ್ ಮಾದರಿಗಳಿವೆ. ಅಮೆರಿಕದ ಎಚ್‌ಆರ್‌ಆರ್‌ಆರ್ ಮಾದರಿ 3 ಕಿಲೋಮೀಟರ್ ಚೌಕಗಳಲ್ಲಿ ಹೊಗೆಯನ್ನು ಲೆಕ್ಕ ಹಾಕುತ್ತದೆ. ಬೆಂಕಿ ಎಷ್ಟು ಜೋರಾಗಿದೆ ಅನ್ನುವುದನ್ನು ಉಪಗ್ರಹ ಅಳೆದ ಕಾವಿನಿಂದ ತಿಳಿದುಕೊಳ್ಳುತ್ತದೆ. ಅದರ ದುರ್ಬಲ ಜಾಗವೂ ಅದೇ. ನಾಳೆ ಬೆಂಕಿ ಇದ್ದಕ್ಕಿದ್ದಂತೆ ಎರಡು ಪಟ್ಟಾದರೆ ಅದಕ್ಕೆ ಗೊತ್ತಿರುವುದಿಲ್ಲ. ದಿಕ್ಕಿನ ವಿಷಯದಲ್ಲಿ ಅದರ ಮಾತು ಕೇಳಿ, ಪ್ರಮಾಣದ ವಿಷಯದಲ್ಲಿ ಸ್ವಲ್ಪ ಅನುಮಾನ ಇಟ್ಟುಕೊಳ್ಳಿ.

ಚಿತ್ರದಲ್ಲಿ ಹೊಗೆಯ ಮಧ್ಯೆ ಬೆಳ್ಳಗೆ ಗೋಪುರದ ಹಾಗೆ ಎದ್ದಿದೆಯಲ್ಲ, ಅದೇನು?

ಬೆಂಕಿಯೇ ಹುಟ್ಟಿಸಿದ ಗುಡುಗು ಮೋಡ. ಪೈರೋಸಿಬಿ ಅಂತ ಕರೆಯುತ್ತಾರೆ. ಕಾವಿಗೆ ಗಾಳಿ ನುಗ್ಗಿ ಮೇಲೇರಿ, ಮೋಡವಾಗಿ, ಮಿಂಚೂ ಹೊಡೆಯುತ್ತದೆ. ಆ ಮಿಂಚಿನಿಂದ ಹೊಸ ಬೆಂಕಿ ಹೊತ್ತಿಕೊಳ್ಳುವುದೂ ಉಂಟು. ಅದು ಚಿಮಣಿಯ ಹಾಗೆ ಹೊಗೆಯನ್ನು ಹತ್ತು ಕಿಲೋಮೀಟರ್‌ಗೂ ಮೇಲಕ್ಕೆ, ಮಳೆ ತಲುಪದ ವಾಯುಮಂಡಲದ ಪದರಕ್ಕೆ ಎಸೆಯುತ್ತದೆ. ಅಲ್ಲಿಗೆ ಹೋದ ಹೊಗೆಯ ಆಯಸ್ಸು ವಾರಗಳಲ್ಲ, ತಿಂಗಳುಗಳು. 2017ರ ಆಗಸ್ಟ್ 12ರಂದು ಬ್ರಿಟಿಷ್ ಕೊಲಂಬಿಯಾದ ಸುತ್ತಮುತ್ತ ಎದ್ದ ಇಂತಹ ಮೋಡಗಳ ಹೊಗೆ ಭೂಮಿಯನ್ನೇ ಸುತ್ತಿತು, ಎಂಟು ತಿಂಗಳ ನಂತರವೂ ಅಳತೆಗೆ ಸಿಗುತ್ತಿತ್ತು.

2019-20ರ ಆಸ್ಟ್ರೇಲಿಯಾದ ಬೆಂಕಿ ಅದನ್ನೂ ಮೀರಿಸಿತು. ಹೊಗೆಯ ಒಂದು ಮುದ್ದೆ ಸುಮಾರು 1000 ಕಿಲೋಮೀಟರ್ ಅಗಲದ ಸುಳಿಯಾಗಿ ತಿರುಗುತ್ತಾ, ಅದರೊಳಗಿನ ಕಪ್ಪು ಮಸಿ ಬಿಸಿಲು ಹೀರಿ ಕಾದು ತಾನೇ ತಾನಾಗಿ ಮೇಲೇರುತ್ತಾ, ಸುಮಾರು 35 ಕಿಲೋಮೀಟರ್ ಎತ್ತರ ಮುಟ್ಟಿತು.

ಉಪಗ್ರಹ ಇಲ್ಲದ ಕಾಲದಲ್ಲಿ ಏನು ಮಾಡುತ್ತಿದ್ದರು?

ಗಾಬರಿಯಾಗುತ್ತಿದ್ದರು. 1950ರ ಸೆಪ್ಟೆಂಬರ್ 24ರಂದು ಕೆನಡಾದ ಒಂಟಾರಿಯೊ ಮತ್ತು ಅಮೆರಿಕದ ಈಶಾನ್ಯದಲ್ಲಿ ಹಗಲೇ ಕತ್ತಲಾಯಿತು. ಗ್ರಹಣ ಅಂದರು ಕೆಲವರು, ಅಣುಬಾಂಬ್ ಅಂದರು ಇನ್ನು ಕೆಲವರು. ಅದು ಸಾವಿರಾರು ಕಿಲೋಮೀಟರ್ ಆಚೆ, ಪಶ್ಚಿಮ ಕೆನಡಾದಲ್ಲಿ ಉರಿಯುತ್ತಿದ್ದ ಚಿಂಚಾಗಾ ಬೆಂಕಿಯ ಹೊಗೆ. ಎರಡು ದಿನ ಬಿಟ್ಟು ಸ್ಕಾಟ್ಲೆಂಡಿನಲ್ಲಿ ಸೂರ್ಯ ನೀಲಿಯಾಗಿ ಕಂಡ. ಮೊದಲ ಹವಾಮಾನ ಉಪಗ್ರಹ ಟೈರಾಸ್-1 ಹಾರಲು ಇನ್ನೂ ಹತ್ತು ವರ್ಷ ಇತ್ತು.

ಇದಕ್ಕೂ ಹಿಂದಿನದು 1780ರ ಮೇ 19. ಅಮೆರಿಕದ ನ್ಯೂ ಇಂಗ್ಲೆಂಡ್ ಸೀಮೆಯಲ್ಲಿ ಮಧ್ಯಾಹ್ನ ಮೇಣದ ಬತ್ತಿ ಹಚ್ಚಿ ಊಟ ಮಾಡಬೇಕಾಯಿತು, ಪ್ರಳಯವೇ ಬಂತು ಅಂತ ಜನ ಪ್ರಾರ್ಥನೆಗೆ ಕೂತರು. ಎಲ್ಲಿಯ ಹೊಗೆ ಅನ್ನುವುದಕ್ಕೆ ಗಟ್ಟಿ ಸುಳಿವು ಸಿಕ್ಕಿದ್ದು ಇನ್ನೂರು ವರ್ಷಕ್ಕೂ ಜಾಸ್ತಿ ಕಾಲವಾದ ಮೇಲೆ, ಒಂಟಾರಿಯೊದ ಕಾಡಿನ ಹಳೆ ಮರಗಳ ಉಂಗುರ ಎಣಿಸಿದಾಗ. ಆ ವರ್ಷದ ಉಂಗುರದಲ್ಲಿ ಸುಟ್ಟ ಗಾಯದ ಗುರುತು ಇತ್ತು.